ಪದ ಬೇಕು: ತುರ್ಕಿಯ ‘ಸೆಜ್ಜಾದೆ’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ತುರ್ಕಿಯ ಹಳೆಯ ನೇಯ್ಗೆಯ ಬಗ್ಗೆ ಒಂದು ಚಿತ್ರಲೇಖನ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಅದರಲ್ಲಿ ಬರುವ ಸೆಜ್ಜಾದೆಗಳು ಗೋರ್ದೆಸ್, ಕುಲಾ, ಲಾದಿಕ್ ಊರುಗಳ ಹೆಸರಿನಲ್ಲಿ ಪ್ರಸಿದ್ಧವಾದವು, 18ನೇ ಶತಮಾನದವು. ನಮಾಜಿಗೆ ಹಾಸಿಕೊಳ್ಳುವಂಥವು. ‘ಪ್ರಾರ್ಥನಾ ಚಾಪೆ’ ಅಂತ ಬರೆದೆ, ಮನಸ್ಸು ಒಪ್ಪಲಿಲ್ಲ. ಚಾಪೆ ಹುಲ್ಲಿನದು. ಇದು ಉಣ್ಣೆಯದು, ನಡುವೆ ಮೆಹರಾಬಿನ, ಅಂದರೆ ಮಸೀದಿಯಲ್ಲಿ ಮೆಕ್ಕಾದ ದಿಕ್ಕು ತೋರಿಸುವ ಗೂಡಿನ, ಕಮಾನು. ಲಾದಿಕ್‌ನದರಲ್ಲಿ ಉದ್ದ ದಂಟಿನ ಟುಲಿಪ್ ಹೂಗಳ ಸಾಲೂ ಇದೆ. ಒಂದು ಪದ ಹೇಳಿ.

ಮೈಸೂರಿನಿಂದ
ಎರಗುಹಾಸು. ಸೆಜ್ಜಾದೆಯ ಅರಬ್ಬಿ ಬೇರಿಗೆ ನೆಲಕ್ಕೆ ತಲೆಯಿಟ್ಟು ಎರಗು ಅಂತಲೇ ಅರ್ಥ. ಸಜ್ದಾ, ಮಸ್ಜಿದ್ ಎರಡೂ ಅಲ್ಲಿಂದಲೇ ಬಂದವು. ಇಷ್ಟು ಸರಿಯಾಗಿ ಕೂರುವ ಪದ ನಮ್ಮಲ್ಲೇ ಇರುವಾಗ ಕಡ ಯಾಕೆ? ಜಮಖಾನ, ಗಲೀಚ, ಕಾರ್ಪೆಟ್ಟು ಅಂತ ತುಂಬಿಕೊಂಡದ್ದು ಸಾಲದಾ?

ಧಾರವಾಡದಿಂದ
ಎರಗುಹಾಸು ಅಂತ ಯಾರ ಬಾಯಲ್ಲೂ ಕೇಳಿಲ್ಲ. ನಮ್ಮ ಕಡೆ ಅದಕ್ಕೆ ಜಾನಮಾಜ್ ಅನ್ನುತ್ತಾರೆ. ನವಲಗುಂದದಲ್ಲಿ ಜಮಖಾನ ನೇಯುವವರು ಹೆಂಗಸರು. ಅವರೇ ಜಾನಮಾಜನ್ನೂ ನೇಯುತ್ತಾರೆ. ಕನ್ನಡ ನಾಡಿನ ಮಗ್ಗದ ಮೇಲೆ ಇರುವ ಪದ ಬಿಟ್ಟು ಹೊಸದು ಕಟ್ಟುವುದು ಯಾರಿಗಾಗಿ?

ಇಳಕಲ್‌ನಿಂದ
‘ಹಾಸು’ ಬೇಡವೇ ಬೇಡ. ಲೇಖನ ನೇಯ್ಗೆಯದು. ಮಗ್ಗದಲ್ಲಿ ಹಾಸು ಅಂದರೆ ಉದ್ದದ ಎಳೆ, ಹೊಕ್ಕು ಅಂದರೆ ಅಡ್ಡದ್ದು. ಗೋರ್ದೆಸ್ ಗಂಟಿನ ವಿಷಯ ಬಂದೇ ಬರುತ್ತದೆ. ಉಣ್ಣೆಯ ನೂಲು ಎರಡು ಹಾಸಿನ ಎಳೆಗಳನ್ನು ಒಟ್ಟಿಗೆ ಸುತ್ತಿ, ಎರಡು ತುದಿಯೂ ಆ ಎಳೆಗಳ ನಡುವಿನಿಂದ ಹೊರಗೆ ಬರುತ್ತದೆ. ಇದನ್ನು ‘ಎರಗುಹಾಸಿನ ಹಾಸು’ ಅಂತ ಬರೆಯುತ್ತೀರಾ?
ಇನ್ನೊಂದು. ಜಮಖಾನ ಅಂತಲೂ ಬರೆಯಬೇಡಿ. ಅದರಲ್ಲಿ ಹೊಕ್ಕಿನ ನೂಲೇ ಚಿತ್ತಾರ ಮಾಡುತ್ತದೆ, ಮೇಲ್ಮೈ ಸಪಾಟು. ತುರ್ಕಿಯಲ್ಲಿ ಅಂಥದ್ದು ಕಿಲಿಮ್. ಗೋರ್ದೆಸ್‌ನದರಲ್ಲಿ ಗಂಟು ಹಾಕಿ ಕತ್ತರಿಸಿದ ಉಣ್ಣೆ ಎದ್ದು ನಿಲ್ಲುತ್ತದೆ. ಅದು ರತ್ನಗಂಬಳಿಯ ಜಾತಿ.

ಮೈಸೂರಿನಿಂದ
ಮಗ್ಗದ ಹಾಸು ಬೇರೆ, ಮನೆಯ ಹಾಸು ಬೇರೆ. ಹಾಸಿಗೆ ಅಂದಾಗ ಯಾರಾದರೂ ಮಗ್ಗಕ್ಕೆ ಹೋಗುತ್ತಾರಾ? ಜಾನಮಾಜ್ ಪೂರ್ತಿ ಫಾರ್ಸಿ. ಹೀಗೇ ಒಂದೊಂದಾಗಿ ಬಿಟ್ಟುಕೊಟ್ಟರೆ ಕನ್ನಡದಲ್ಲಿ ಪದ ಕಟ್ಟುವ ಶಕ್ತಿಯೇ ಹೋಗುತ್ತದೆ.

ಧಾರವಾಡದಿಂದ
ಫಾರ್ಸಿಯೇ, ಯಾರು ಇಲ್ಲ ಅಂದರು? ‘ನಮಾಜಿನ ಜಾಗ’ ಅಂತ ಅರ್ಥ. ಆ ನಮಾಜ್ ಸಂಸ್ಕೃತದ ‘ನಮಸ್’ಗೆ ಒಡಹುಟ್ಟಿದ ಪದ. ನಮಸ್ಕಾರವನ್ನು ಇಟ್ಟುಕೊಂಡು ನಮಾಜನ್ನು ಮಾತ್ರ ಹೊರಗೆ ಹಾಕುವುದು ಯಾವ ನ್ಯಾಯ? ಹಾಗೆ ಜರಡಿ ಹಿಡಿದರೆ ಕಂಬಳಿಯೂ ಉಳಿಯಲ್ಲ, ಅದು ಸಂಸ್ಕೃತದ ಕಂಬಲ. ಕನ್ನಡ ಮಾತಾಡುವ ಮುಸ್ಲಿಮರ ಮನೆಯ ಪದವೂ ಕನ್ನಡದ ಪದವೇ. ಇದರಲ್ಲಿ ನನಗೆ ಚರ್ಚೆ ಬೇಡ.

ಪ್ರಶ್ನೆ ಕೇಳಿದವರು
ಜಾನಮಾಜ್ ಹಿಡಿಸಿತು. ಆದರೆ ಒಂದು ತೊಡಕು. ರೊಮೇನಿಯಾದ ಬ್ರಾಶೋವ್‌ನಲ್ಲಿ ‘ಕಪ್ಪು ಚರ್ಚ್’ ಅಂತ ಇದೆ. ಅಲ್ಲಿನ ಪ್ರಾಟೆಸ್ಟೆಂಟರು ಇಂಥವನ್ನು ಚರ್ಚಿಗೆ ಕಾಣಿಕೆ ಕೊಟ್ಟಿದ್ದಾರೆ. ನೂರಕ್ಕೂ ಜಾಸ್ತಿ ಇವೆ. ಚರ್ಚಿನಲ್ಲಿ ತೂಗುಹಾಕಿದ್ದಕ್ಕೂ ಜಾನಮಾಜ್ ಅನ್ನಬಹುದಾ?

ಇಳಕಲ್‌ನಿಂದ
ಕಮಾನು ಇದ್ದರೆ ಅನ್ನಿ. ನೇಯ್ದವರು ನಮಾಜಿನ ನಕ್ಷೆ ಹಿಡಿದು ನೇಯ್ದದ್ದು, ಆಮೇಲೆ ಎಲ್ಲಿ ತೂಗಿದರೂ ಅದು ಬದಲಾಗಲ್ಲ. ಕಮಾನು ಇಲ್ಲದವು ಆ ರಾಶಿಯಲ್ಲಿ ಇದ್ದರೆ ಅವಕ್ಕೆ ಸುಮ್ನೆ ರತ್ನಗಂಬಳಿ ಸಾಕು. ಮೊದಲ ಸಲ ‘ಸೆಜ್ಜಾದೆ ಅನ್ನುವ ಜಾನಮಾಜ್ ರತ್ನಗಂಬಳಿ’ ಅಂತ ಬರೆಯಿರಿ, ಮುಂದೆ ಬರೀ ಜಾನಮಾಜ್. ಗಂಟಿನ ವಾಕ್ಯ ಬರೆದ ಮೇಲೆ ಇಲ್ಲಿ ಹಾಕಿ, ಅಚ್ಚಿಗೆ ಹೋಗುವ ಮುಂಚೆ ನೋಡಿಕೊಡುತ್ತೇನೆ.