ಪದಚರ್ಚೆ: ಬಂದಳಿಕೆಯನ್ನು ‘ಪರಾವಲಂಬಿ’ ಎಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಬರೆದ ಒಂದು ಲೇಖನವನ್ನು ತಿದ್ದುತ್ತಿದ್ದೇನೆ. ಮರದ ಮೇಲೆ ಬೆಳೆಯುವ ಗಿಡಗಳ ಬಗ್ಗೆ ಇದೆ. ಬಂದಳಿಕೆ, ಸೀತಾಳೆ ದಂಡೆ (ಒಂದು ಬಗೆಯ ಆರ್ಕಿಡ್) ಎರಡನ್ನೂ ಅದರಲ್ಲಿ ‘ಪರಾವಲಂಬಿ’, ಅಂದರೆ ಇನ್ನೊಂದು ಜೀವಿಯನ್ನು ಹೀರಿ ಬದುಕುವಂಥದ್ದು, ಎಂದು ಒಟ್ಟಿಗೆ ಸೇರಿಸಿದ್ದಾರೆ.

ಸೀತಾಳೆ ದಂಡೆಯ ಮಟ್ಟಿಗೆ ಇದು ಸರಿಯಲ್ಲ. ಅದು ತೊಗಟೆ ಹಿಡಿದು ಕೂತಿರುತ್ತದೆ, ಅಷ್ಟೇ. ನೀರು ಮಳೆ, ಮಂಜಿನಿಂದ ಸಿಗುತ್ತದೆ. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯನ್ನು ಯಾರೂ ಪರಾವಲಂಬಿ ಎನ್ನುವುದಿಲ್ಲ, ಅಲ್ವಾ? ಇಲ್ಲಿ ‘ಅಪ್ಪುಗಿಡ’ ಎಂದು ಹಾಕಿದ್ದೇನೆ. ನನಗೆ ಇಷ್ಟವಾದ ಪದ.

ತೊಡಕಿರುವುದು ಬಂದಳಿಕೆಯದು. ಮಾವು, ಸಪೋಟ ಮರದ ಕೊಂಬೆಯೊಳಕ್ಕೆ ಹೀರುವ ಬೇರು ಇಳಿಸಿ ನೀರು, ಲವಣ ಎಳೆದುಕೊಳ್ಳುತ್ತದೆ. ಜಾಸ್ತಿಯಾದರೆ ಕೊಂಬೆ ಒಣಗುತ್ತದೆ. ಆದರೆ ಅದರ ಎಲೆ ಹಸಿರು. ಬಿಸಿಲಿನಲ್ಲಿ ತನ್ನ ಊಟವನ್ನು ತಾನೇ ಮಾಡಿಕೊಳ್ಳುತ್ತದೆ. ಹಳದಿ ದಾರದಂತೆ ಹಬ್ಬುವ ಕಸ್ಕ್ಯೂಟ ಹಾಗಲ್ಲ, ಅದು ಊಟಕ್ಕೂ ಆಸರೆಯ ಗಿಡವನ್ನೇ ನೆಚ್ಚಿರುತ್ತದೆ. ಎರಡಕ್ಕೂ ಒಂದೇ ಪದ ಸಾಲದು. ‘ಅರೆ ಪರಾವಲಂಬಿ’ ಎನ್ನಬಹುದೇ? ಕೇಳಲು ಸ್ವಲ್ಪ ಒರಟು.

ಇನ್ನೊಂದು ಗೋಜಲು ಹಕ್ಕಿಯದು. ಬಂದಳಿಕೆಗೆ ಬದನಿಕೆ ಎಂಬ ಹೆಸರೂ ಇದೆ. ಅದರ ಹಣ್ಣು ತಿನ್ನುವ ಪುಟ್ಟ ಹಕ್ಕಿಗೂ ಬದನಿಕೆ ಹಕ್ಕಿ ಎಂದೇ ಹೆಸರು. ಹೂವಿನ ಮಕರಂದ ಕುಡಿಯುವಾಗ ಪರಾಗ ಸಾಗಿಸುತ್ತದೆ. ಹಣ್ಣು ತಿಂದ ಮೇಲೆ ಬೀಜ ಅಂಟು ಸಮೇತ ಹೊರಬರುತ್ತದೆ. ಹಕ್ಕಿ ಹಿಂಭಾಗವನ್ನು ಕೊಂಬೆಗೆ ಉಜ್ಜಿ ಅದನ್ನು ಬಿಡಿಸಿಕೊಳ್ಳುತ್ತದೆ. ಬೀಜ ಅಲ್ಲೇ ಅಂಟಿ ಮೊಳೆಯುತ್ತದೆ. ಗಿಡಕ್ಕೂ ಹಕ್ಕಿಗೂ ಲಾಭ, ನಷ್ಟ ಮಾವಿನ ಮರಕ್ಕೆ. ಲೇಖಕರು ಇದನ್ನು ಸುಮ್ನೆ ‘ಸಹಜೀವನ’ ಎಂದು ಬರೆದು ಮುಗಿಸಿದ್ದಾರೆ.

ಆ ಪದ ಓದಿದರೆ ನಮಗೆ ಹೊಂದಿ ಬಾಳುವುದೇ ಮನಸ್ಸಿಗೆ ಬರುತ್ತದೆ. ಆದರೆ 1879ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ ‘ಸಿಂಬಯೋಸಿಸ್’ (ನಾವು ಸಹಜೀವನ ಎನ್ನುವುದು ಇದನ್ನೇ) ಎಂದಾಗ ಬೇರೆ ಬೇರೆ ಜೀವಿಗಳು ಒಟ್ಟಿಗೆ ಬದುಕುವುದು ಎಂದಷ್ಟೇ ಅರ್ಥವಿತ್ತು. ಒಂದು ಇನ್ನೊಂದನ್ನು ಹೀರುವುದೂ ಅದರಲ್ಲೇ ಸೇರಿತ್ತು. ಆ ಲೆಕ್ಕದಲ್ಲಿ ಬಂದಳಿಕೆ, ಮಾವಿನದೂ ಸಹಜೀವನವೇ! ಮಕ್ಕಳಿಗೆ ಗೊಂದಲವಾಗುತ್ತದೆ. ಹಕ್ಕಿ, ಬಂದಳಿಕೆಯ ನಂಟಿಗೆ ‘ಕೊಡುಕೊಳೆ’ ಎನ್ನೋಣ ಎಂದು ನನ್ನ ಮನಸ್ಸು.

ಮಲೆನಾಡು, ಕರಾವಳಿಯವರು ದಯವಿಟ್ಟು ತಿಳಿಸಿ: ನಿಮ್ಮ ಕಡೆ ತೋಟದವರು ಮರದ ಮೇಲೆ ಬರೀ ಕೂರುವ ಗಿಡಕ್ಕೂ, ಮರವನ್ನು ಹೀರುವ ಗಿಡಕ್ಕೂ ಬೇರೆ ಬೇರೆ ಮಾತು ಬಳಸುತ್ತಾರೆಯೇ? ‘ಅರೆ ಪರಾವಲಂಬಿ’ಗಿಂತ ಹಗುರಾದ ಪದವಿದ್ದರೆ ಅದೂ ಬೇಕು.