ಅಪ್‌ಡೇಟ್: ಮಗಳು, ಮಗ್ಗಿ ಮತ್ತು ನಮ್ಮೂರ ಮೇಷ್ಟರು

ಕಳೆದ ತಿಂಗಳು ಕೇಳಿದ್ದೆ: ಶಿಡ್ಲಘಟ್ಟದ ಹತ್ತಿರ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಮಕ್ಕಳು 23, ಶಿಕ್ಷಕರು ಇಬ್ಬರು. ಮೂರನೇ ತರಗತಿಯವರೆಗೆ ನಲಿ-ಕಲಿಯಲ್ಲಿ (ಸರ್ಕಾರಿ ಶಾಲೆಗಳ ಆಡುತ್ತಾ ಕಲಿಯುವ ಪದ್ಧತಿ) ಹಾಡುತ್ತಾ ಕಲಿತ ಮಗಳಿಗೆ ನಾಲ್ಕಕ್ಕೆ ಬಂದ ಮೇಲೆ ದಿನವೂ ಹೊಟ್ಟೆನೋವು. ಪೇಟೆಯ ಶಾಲೆಗೆ ಸೇರಿಸಲೇ? ‘ಮೊದಲು ಮೇಷ್ಟರ ಜೊತೆ ಮಾತನಾಡಿ’ ಎಂದಿರಿ. ಹೋದೆ.

ಜಗಳಕ್ಕೆ ಸಿದ್ಧನಾಗಿಯೇ ಹೋದೆ ಎನ್ನಿ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂದು ಓದಿಕೊಂಡಿದ್ದೆ. ಮೇಷ್ಟರು ಹೊಡೆದಿರಲಿಲ್ಲ, ಮಗ್ಗಿ ತಪ್ಪಿದವರನ್ನು ಎಲ್ಲರೆದುರು ನಿಲ್ಲಿಸುತ್ತಿದ್ದರು.

‘ಮುಂದೆ ದೊಡ್ಡ ಶಾಲೆಯಲ್ಲಿ ಇವರಿಗಾಗಿ ಯಾರೂ ಕಾಯುವುದಿಲ್ಲ ಸ್ವಾಮಿ. ಈಗಲೇ ಗಟ್ಟಿಯಾಗಲಿ’ ಎಂದರು.

ನಲಿ-ಕಲಿಯ ಟೀಚರಮ್ಮ ತಲೆ ಎತ್ತದೆ, ‘ಗಟ್ಟಿ ಮಾಡುವುದು ಬೇರೆ, ಹೆದರಿಸುವುದು ಬೇರೆ ಸರ್’ ಎಂದರು. ಅವರಿಬ್ಬರ ವಾದ ಹಳೆಯದೆಂದು ಆಗ ತಿಳಿಯಿತು. ನಾನು ಬರೀ ನೆಪ.

ಈಗ ಮಗ್ಗಿಯನ್ನು ಹುಣಸೆ ಬೀಜದ ಗುಪ್ಪೆಗಳಲ್ಲಿ ಜೋಡಿಯಾಗಿ ಕಲಿಯುತ್ತಾರೆ. ಅದಕ್ಕಿಂತ ಕೆಲಸ ಮಾಡಿದ್ದು ಬೇರೆ: ಒಂದು ಸಂಜೆ ಮೇಷ್ಟರು ನಮ್ಮ ಹುಳುಮನೆಗೆ ಬಂದು, ರೇಷ್ಮೆ ಹುಳುವಿಗೆ ಎಷ್ಟು ಜ್ವರ (ಹುಳು ಪೊರೆ ಕಳಚುವುದಕ್ಕೆ ನಾವು ಹೇಳುವ ಮಾತು) ಎಂದು ಮಗಳನ್ನೇ ಕೇಳಿದರು. ನಾಲ್ಕು ಜ್ವರ ದಾಟಿದ ಮೇಲೆ ಸೊಪ್ಪನ್ನು ಹೇಗೆ ಮುಕ್ಕುತ್ತವೆ, ಗೂಡು ಕಟ್ಟುವ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಯಾವಾಗ ಬಿಡಬೇಕು ಎಂದೆಲ್ಲ ಅವಳು ಪಾಠ ಮಾಡಿದಳು. ಅವರು ಮೊರದ ಮೇಲೆ ಬಗ್ಗಿ ಕೇಳಿದರು. ಪ್ರಾಮಾಣಿಕವಾಗಿ ಗೊತ್ತಿರಲಿಲ್ಲವಂತೆ.

ಹೊಟ್ಟೆನೋವು ಸೋಮವಾರಗಳಲ್ಲಿ ಇನ್ನೂ ಇಣುಕುತ್ತದೆ. ಪೇಟೆಯ ಶಾಲೆಯ ಅರ್ಜಿ ತುಂಬಿಲ್ಲ, ಹರಿದೂ ಇಲ್ಲ.