‘ಇವ್ಯಾಲ್ಯುಯೇಶನ್’ಗೆ ‘ಪರೀಕ್ಷೆ’ ಅಂದರೆ ಸರಿಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಘಂಟಿನಲ್ಲಿ ಇರುವುದನ್ನೆಲ್ಲ ಆಗಲೇ ನೋಡಿದ್ದೇನೆ, ಯಾವುದೂ ಕೂರುತ್ತಿಲ್ಲ.

ನನ್ನ ತಂಗಿಯ ಮಗಳಿಗೆ ಆರು ವರ್ಷ. ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕುತ್ತಾಳೆ. ಮೈಸೂರಿನಿಂದ ಇಲ್ಲಿಗೆ, ಕ್ಯಾಲಿಫೋರ್ನಿಯಾಗೆ ಬಂದು ಎಂಟು ತಿಂಗಳಾಯಿತು. ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ಮಗುವಿಗೆ ಶಾಲೆಯಲ್ಲಿ ಏನೇನು ನೆರವು ಬೇಕು ಅಂತ ನೋಡಿ ಹೇಳಿ ಎಂದು ತಂದೆತಾಯಿ ಇಲ್ಲಿ ಬರೆದು ಕೇಳಬಹುದು. ಕಾಗದ ತಲುಪಿದ 15 ದಿನದೊಳಗೆ ಶಾಲೆಯವರು ಏನೇನು ನೋಡುತ್ತೇವೆ ಅಂತ ಪಟ್ಟಿ ಮಾಡಿ ಕಳಿಸಬೇಕು. ಅದಕ್ಕೆ ಸಹಿ ಹಾಕಿ ಕೊಟ್ಟ ಮೇಲೆ 60 ದಿನದ ಲೆಕ್ಕ ಶುರು. ದೊಡ್ಡ ರಜೆಗಳನ್ನು ಬಿಟ್ಟು ಅಷ್ಟರೊಳಗೆ ಎಲ್ಲ ನೋಡಿ ಮುಗಿಸಿ, ತಂದೆತಾಯಿಯನ್ನು ಕೂರಿಸಿಕೊಂಡು ಮಾತಾಡಬೇಕು. ದುಡ್ಡು ಕೊಡಬೇಕಿಲ್ಲ. ಇದಕ್ಕೆ ಇವ್ಯಾಲ್ಯುಯೇಶನ್ ಅನ್ನುತ್ತಾರೆ.

ಆ ಪಟ್ಟಿಯಲ್ಲಿದ್ದ ಕಾನೂನಿನ ಇಂಗ್ಲಿಷ್ ತಂಗಿಗೆ ಕಷ್ಟವಾಯಿತು. ನಾನು ಪೆನ್ಸಿಲ್‌ನಲ್ಲಿ ಪಕ್ಕದಲ್ಲಿ ಕನ್ನಡ ಬರೆದುಕೊಟ್ಟೆ. ಸಹಿ ಮಾಡುವ ಜಾಗದ ಪಕ್ಕ ಬರೆದದ್ದು ‘ಮಗುವಿನ ಪರೀಕ್ಷೆಗೆ ಒಪ್ಪಿಗೆ’ ಅಂತ.

ಮೂರು ವಾರ ಆದ ಮೇಲೆ ಕೇಳಿದರೆ ಕಾಗದ ಇನ್ನೂ ಡ್ರಾಯರ್‌ನಲ್ಲೇ ಇದೆ. "ಪರೀಕ್ಷೆ ಮಾನಸಗಂಗೋತ್ರಿಯಲ್ಲೇ ಆಗಿದೆಯಲ್ಲ ಅಕ್ಕಾ, ರಿಪೋರ್ಟು ಫೈಲಲ್ಲಿದೆ" ಅಂದಳು. ಅಲ್ಲಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡಿಸಿದ ಕಿವಿ ಪರೀಕ್ಷೆ ಅವಳ ಮನಸ್ಸಿನಲ್ಲಿತ್ತು. ಅವಳ ಅತ್ತೆಗೆ ಬೇರೆಯೇ ಭಯ. "ಫೇಲಾದರೆ ಮಗೂನ ಕೆಳಗಿನ ಕ್ಲಾಸಿಗೆ ಹಾಕ್ತಾರೇನಮ್ಮ?" ಅಂತ ಕೇಳಿದರು. ಒಂದೇ ಪದ, ಒಬ್ಬರಿಗೆ ಆಸ್ಪತ್ರೆ ಕಾಣಿಸಿತು, ಇನ್ನೊಬ್ಬರಿಗೆ ಮಾರ್ಕ್ಸ್ ಕಾರ್ಡ್. ನಾನು ಹೇಳಬೇಕಾಗಿದ್ದು ಇಬ್ಬರಿಗೂ ತಲುಪಲಿಲ್ಲ. ಸಹಿ ಇಲ್ಲದೆ 60 ದಿನದ ಲೆಕ್ಕವೂ ಶುರುವಾಗಲಿಲ್ಲ.

ಕಿವಿ ಪರೀಕ್ಷೆ ಸದ್ದಿಲ್ಲದ ಕೋಣೆಯಲ್ಲಿ ಆಗುತ್ತದೆ. ಎಷ್ಟು ಡೆಸಿಬೆಲ್ ಸದ್ದು ಬೇಕು ಅನ್ನುವುದನ್ನು ಅದು ಹೇಳುತ್ತದೆ. ಶಾಲೆಯವರು ನೋಡಬೇಕಾದದ್ದು ಬೇರೆ. ಟೀಚರ್ ಬೋರ್ಡಿನ ಕಡೆ ತಿರುಗಿದಾಗ ಎಷ್ಟು ತಿಳಿಯುತ್ತದೆ? ಹಿಂದಿನ ಸಾಲಲ್ಲಿ ಕೂತರೆ? ಇಪ್ಪತ್ತು ಮಕ್ಕಳು ಕುರ್ಚಿ ಎಳೆದಾಡುವಾಗ? ತುಟಿ ಕಾಣದ ಹಾಗೆ ಕಾಗದ ಅಡ್ಡ ಹಿಡಿದು ಒಂದು ವಾಕ್ಯ ಹೇಳಿ, ತಿರುಗಿ ಹೇಳು ಅನ್ನುತ್ತಾರೆ. ಹತ್ತಿರದಿಂದ ಒಮ್ಮೆ, ದೂರದಿಂದ ಒಮ್ಮೆ.

ನಮ್ಮ ಪುಟ್ಟಿಗೆ ‘ಸ’ದಂಥ ಸಣ್ಣ ಸದ್ದುಗಳು ಜಾರಿಹೋಗುತ್ತವೆ. ‘ಕ್ಯಾಟ್ಸ್’ ಅಂದರೂ ಅವಳಿಗೆ ‘ಕ್ಯಾಟ್’. ಕನ್ನಡದಲ್ಲಿ ‘ಬೆಕ್ಕುಗಳು’ ಅಂದರೆ ‘ಗಳು’ ಚೆನ್ನಾಗಿಯೇ ಕಿವಿಗೆ ಬೀಳುತ್ತದೆ. ಹಾಗಾಗಿ ಮನೆಯಲ್ಲಿ ಏನೂ ತೊಂದರೆ ಕಾಣುವುದಿಲ್ಲ. ಇಲ್ಲಿನ ಕಾನೂನು ಆದಷ್ಟೂ ಮಗುವಿನ ಭಾಷೆಯಲ್ಲೇ ನೋಡಬೇಕು ಅನ್ನುತ್ತದೆ. ಕನ್ನಡದಲ್ಲೂ ನೋಡಿ ಅಂತ ಪತ್ರದಲ್ಲಿ ಸೇರಿಸಿದ್ದೇವೆ.

ಈಗ ಪದಕ್ಕೆ ಬರುತ್ತೇನೆ. ‘ಮೌಲ್ಯಮಾಪನ’ ಅಂದರೆ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ನೆನಪಾಗುತ್ತದೆ, ಮಗುವಿಗೆ ಬೆಲೆ ಕಟ್ಟಿದ ಹಾಗೆ. ‘ತಪಾಸಣೆ’ ಮತ್ತೆ ಆಸ್ಪತ್ರೆಗೇ ಕರೆದುಕೊಂಡು ಹೋಗುತ್ತದೆ, ಇಲ್ಲವೇ ಚೆಕ್‌ಪೋಸ್ಟಿಗೆ. ‘ಪರಿಶೀಲನೆ’ ಅಂದರೆ ಫೈಲು ಯಾರದೋ ಮೇಜಿನ ಮೇಲಿದೆ ಅಂತ. ಪತ್ರಕ್ಕೆ ‘ಅರ್ಜಿ’, ‘ಮನವಿ’ ಅನ್ನುವುದೂ ನನಗೆ ಇಷ್ಟವಿಲ್ಲ. ಇದು ಮಗುವಿನ ಹಕ್ಕು, ಅಲ್ವಾ? ಸದ್ಯಕ್ಕೆ ‘ಕೋರಿಕೆ ಪತ್ರ’ ಅಂತ ಇಟ್ಟುಕೊಂಡಿದ್ದೇನೆ.

ಒಂದು ಹಳೆಯ ಪದ ತಲೆಯಲ್ಲಿ ಸುತ್ತುತ್ತಿದೆ. ಹಳಗನ್ನಡದ ‘ಆರಯ್’. ಹುಡುಕಿ ನೋಡು, ವಿಚಾರಿಸು ಅಂತಲೂ ಅರ್ಥ, ನೋಡಿಕೋ ಅಂತಲೂ ಅರ್ಥ. ನಮ್ಮ ‘ಆರೈಕೆ’ ಅಲ್ಲಿಂದಲೇ ಬಂದದ್ದು. ತಮಿಳಿನವರು ಸಂಶೋಧನೆಗೆ ‘ಆರಾಯ್ಚಿ’ ಅನ್ನುತ್ತಾರೆ. ಅವರಲ್ಲಿ ಹುಡುಕುವ ಅರ್ಥ ಉಳಿಯಿತು, ನಮ್ಮಲ್ಲಿ ನೋಡಿಕೊಳ್ಳುವ ಅರ್ಥ. ನನಗೆ ಎರಡೂ ಒಟ್ಟಿಗೆ ಬೇಕು. ಮಗುವನ್ನು ಗಮನವಿಟ್ಟು ನೋಡುವುದು, ನೋಡಿಕೊಳ್ಳುವ ಸಲುವಾಗಿಯೇ ನೋಡುವುದು.

ನನ್ನ ಪ್ರಶ್ನೆ ಇಷ್ಟು. ‘ಕಲಿಕೆಯನ್ನು ಆರೈದು ನೋಡುವುದು’ ಅಂತ ಬರೆದರೆ ಓದಿದವರಿಗೆ ತಿಳಿಯುತ್ತದೆಯೇ? ಇಲ್ಲ, ಬರೀ ಬಾಣಂತಿ ಆರೈಕೆಯೇ ನೆನಪಾಗುತ್ತದೆಯೇ? ನಿಮ್ಮ ಊರ ಕಡೆ ‘ಆರೈ’ ಅನ್ನುವುದು ವಿಚಾರಿಸು ಅನ್ನುವ ಅರ್ಥದಲ್ಲಿ ಇನ್ನೂ ಬಾಯಲ್ಲಿದೆಯೇ? ಕಿವಿ ಮಂದ ಇರುವ ಮಕ್ಕಳಿಗೆ ಪಾಠ ಹೇಳುವವರು ಯಾರಾದರೂ ಇಲ್ಲಿದ್ದರೆ, ಮನೆಯವರ ಹತ್ತಿರ ಇದನ್ನು ಏನಂತ ಹೇಳುತ್ತೀರಿ?

ತಂಗಿ ಸಹಿ ಹಾಕಿ ಕೊಟ್ಟಳು. ಇದೇ ಪಟ್ಟಿ ಇನ್ನೊಂದು ಕನ್ನಡದ ಮನೆಗೂ ಬಂದಿದೆ, ಅವರೂ ಪಕ್ಕದಲ್ಲಿ ಕನ್ನಡ ಬರೆದುಕೊಡಿ ಅಂತ ಕೇಳಿದ್ದಾರೆ. ಸಹಿ ಮಾಡುವ ಜಾಗದ ಪಕ್ಕ ಏನೂ ಬರೆಯದೆ ಹಾಗೇ ಬಿಟ್ಟಿದ್ದೇನೆ. ಶುಕ್ರವಾರದೊಳಗೆ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.